ಮೂಗಿನ ಮೇಲಿನ ಕಪ್ಪು ಚುಕ್ಕೆ ಕೊಳೆಯಲ್ಲ

(ಪದವಿ ಕಾಲೇಜೊಂದರ ವಿದ್ಯಾರ್ಥಿನಿಯರು ಮತ್ತು ಅವರ ತಾಯಂದಿರ ಎದುರು ಆಡಿದ ಮಾತುಗಳ ಬರಹ ರೂಪ. ಹೇಳುವಾಗ ಬಿಟ್ಟುಹೋದ ಒಂದೆರಡು ವಿಷಯಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಕೆಲಸ ಮಾಡಿ. ತೋರುಬೆರಳನ್ನು ಮೂಗಿನ ತುದಿಯ ಮೇಲಿಟ್ಟು, ಅಲ್ಲಿಂದ ಹೊಳ್ಳೆಯ ಪಕ್ಕದ ಮಡಿಕೆಯವರೆಗೆ ನಿಧಾನವಾಗಿ ಸವರಿ. ಬೆರಳಿಗೆ ಏನೋ ತರಿತರಿ ಸಿಗುತ್ತದೆ ಅಲ್ವಾ? ಸಣ್ಣ ರವೆ ಉದುರಿಸಿದ ಹಾಗೆ. ಈಗ ಬೆರಳನ್ನು ನೋಡಿಕೊಳ್ಳಿ, ಸ್ವಲ್ಪ ಜಿಡ್ಡು ಹೊಳೆಯುತ್ತಿರುತ್ತದೆ. ಈ ಸಭಾಂಗಣದಲ್ಲಿ ಕೂತಿರುವ ಹೆಚ್ಚುಕಡಿಮೆ ಎಲ್ಲರ ಮೂಗಿನ ಮೇಲೂ ಅದು ಇದೆ. ನನ್ನ ಮೂಗಿನ ಮೇಲೂ ಇದೆ. ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಚರ್ಮ ವೈದ್ಯೆಯಾಗಿ ಕೆಲಸ ಮಾಡುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಅದಿಲ್ಲದ ದೊಡ್ಡವರ ಮೂಗನ್ನು ನಾನು ನೋಡಿಲ್ಲ.

ಆದರೆ 16ನೇ ವಯಸ್ಸಿನಲ್ಲಿ ಇದನ್ನು ಹೇಳುವವರು ನನಗೆ ಯಾರೂ ಸಿಗಲಿಲ್ಲ. ಅಕ್ಕನ ಮದುವೆಗೆ ನಾಲ್ಕು ದಿನ ಬಾಕಿ ಇತ್ತು. ನಮ್ಮ ಬಚ್ಚಲಮನೆಯ ಕಿಟಕಿಯ ಪಕ್ಕ ಅಪ್ಪನ ಶೇವಿಂಗ್ ಕನ್ನಡಿ ತೂಗುಹಾಕಿತ್ತು. ಅದರ ಒಂದು ಬದಿಯಲ್ಲಿ ಮುಖ ದೊಡ್ಡದಾಗಿ ಕಾಣುತ್ತಿತ್ತು. ಬೆಳಗಿನ ಬಿಸಿಲಿನಲ್ಲಿ ಆ ಬದಿಯನ್ನು ತಿರುಗಿಸಿ ನೋಡಿಕೊಂಡೆ. ಮೂಗಿನ ತುಂಬಾ ಚುಕ್ಕೆ. ಗಾಬರಿಯಾಯಿತು. ತಲೆಯಿಂದ ಹೇರ್‌ಪಿನ್ ತೆಗೆದು, ಅದರ ಬಾಗಿದ ಕಡೆಯಿಂದ ಎಡ ಹೊಳ್ಳೆಯ ಮೇಲೆ ಒತ್ತಿದೆ. ಬಿಳಿ ದಾರದಂಥದ್ದು ಬಂತು. ಬಂದದ್ದು ನೋಡಿ ಖುಷಿಯಾಯಿತು, ಇನ್ನೂ ಒತ್ತಿದೆ. ಮೂರನೇ ದಿನಕ್ಕೆ ಹೊಳ್ಳೆ ಕೆಂಪಗೆ ಊದಿ, ಮುಟ್ಟಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಮದುವೆಯ ಆಲ್ಬಮ್‌ನಲ್ಲಿ ನಾನು ಎಡಕ್ಕೆ ಮುಖ ತಿರುಗಿಸಿ, ಬಲಗೆನ್ನೆ ಮಾತ್ರ ಕಾಣುವ ಹಾಗೆ ನಿಂತ ಫೋಟೋಗಳೇ ಜಾಸ್ತಿ. ಕಪ್ಪು ಕಲೆ ಹೋಗುವುದಕ್ಕೆ ಒಂದು ವರ್ಷದ ಮೇಲೆ ಹಿಡಿಯಿತು. ಅಲ್ಲಿ ಒಂದು ಸಣ್ಣ ಗುಳಿ ಇವತ್ತಿಗೂ ಉಳಿದಿದೆ.

ಈಗ ನನ್ನ ಕ್ಲಿನಿಕ್‌ಗೆ ಅದೇ ವಯಸ್ಸಿನ ಹುಡುಗಿಯರು ಬರುತ್ತಾರೆ. ಹುಡುಗರೂ ಬರುತ್ತಾರೆ, ಸ್ವಲ್ಪ ಸಂಕೋಚದಿಂದ. ಮೊಬೈಲ್‌ನಲ್ಲಿ ಮೂಗಿನ ಫೋಟೋ ತೆಗೆದು, ಎರಡು ಬೆರಳಿನಿಂದ ಹಿಗ್ಗಿಸಿ ತೋರಿಸುತ್ತಾರೆ. "ಮೇಡಂ, ನೋಡಿ, ಎಷ್ಟು ಕೊಳೆ ಇದೆ, ದಿನಾ ಐದು ಸಲ ತೊಳೀತೀನಿ, ಆದ್ರೂ ಹೋಗ್ತಾ ಇಲ್ಲ." ಆ 'ಕೊಳೆ' ಅನ್ನುವ ಮಾತಿಗೆ ಇವತ್ತು ಉತ್ತರ ಕೊಡಬೇಕು ಅಂತಲೇ ಬಂದಿದ್ದೇನೆ.

ನಮ್ಮ ಚರ್ಮದಲ್ಲಿ ಕೂದಲು ಹುಟ್ಟುವ ಸಣ್ಣ ಸಣ್ಣ ತೂತುಗಳಿವೆ. ಕೂದಲಿನ ಬುಡಕ್ಕೆ ಅಂಟಿಕೊಂಡ ಹಾಗೆ ಎಣ್ಣೆ ಮಾಡುವ ಗ್ರಂಥಿ ಇರುತ್ತದೆ. ಅಂಗೈ, ಅಂಗಾಲಿನಲ್ಲಿ ಅದು ಇಲ್ಲ. ಮುಖ ಮತ್ತು ತಲೆಯಲ್ಲಿ ತುಂಬಾ ಜಾಸ್ತಿ, ಒಂದು ಚದರ ಸೆಂಟಿಮೀಟರಿಗೆ 400ರಿಂದ 900. ಒಂದು ಚದರ ಸೆಂಟಿಮೀಟರ್ ಅಂದರೆ ನಿಮ್ಮ ಕಿರುಬೆರಳಿನ ಉಗುರಿನಷ್ಟು ಜಾಗ ಅಂದುಕೊಳ್ಳಿ. ಮೂಗಿನ ಮೇಲೆ ಇನ್ನೊಂದು ವಿಶೇಷ ಇದೆ. ಅಲ್ಲಿ ಗ್ರಂಥಿ ದೊಡ್ಡದು, ಕೂದಲು ಮಾತ್ರ ಕಣ್ಣಿಗೆ ಕಾಣದಷ್ಟು ಸಣ್ಣದು. ಹಾಗಾಗಿ ಆ ತೂತಿನಲ್ಲಿ ಕೂದಲಿಗಿಂತ ಎಣ್ಣೆಯದೇ ಓಡಾಟ. ಹನ್ನೊಂದು, ಹನ್ನೆರಡನೇ ವಯಸ್ಸಿನ ಸುಮಾರಿಗೆ ಆಂಡ್ರೊಜನ್ ಎಂಬ ಹಾರ್ಮೋನು ಏರಿದಾಗ ಈ ಗ್ರಂಥಿಗಳು ದೊಡ್ಡದಾಗುತ್ತವೆ. ಚಿಕ್ಕ ಮಕ್ಕಳ ಮೂಗು ನುಣ್ಣಗಿರುವುದು, ಹೈಸ್ಕೂಲಿಗೆ ಬರುವ ಹೊತ್ತಿಗೆ ತರಿತರಿ ಆಗುವುದು ಇದಕ್ಕೇ.

ಆ ತೂತಿನ ಒಳಗೋಡೆಯೂ ಚರ್ಮವೇ. ಅದೂ ಸವೆದು ಸತ್ತ ಪದರವನ್ನು ಉದುರಿಸುತ್ತಿರುತ್ತದೆ. ಉದುರಿದ ಪುಡಿ ಎಣ್ಣೆಯ ಜೊತೆ ಸೇರಿ, ಗೋಡೆಗೆ ಅಂಟಿಕೊಂಡು, ತೆಳ್ಳನೆಯ ಎಳೆಯ ಹಾಗೆ ಮೇಲೆ ಬರುತ್ತದೆ. ಅದರಲ್ಲಿ ನಮ್ಮ ಚರ್ಮದಲ್ಲೇ ಬದುಕುವ ಬ್ಯಾಕ್ಟೀರಿಯಾ ಕೂಡ ಇರುತ್ತವೆ. ಮೂಗನ್ನು ಎರಡು ಕಡೆಯಿಂದ ಒತ್ತಿದರೆ ಶಾವಿಗೆ ಒರಳಿನಿಂದ ಎಳೆ ಬಂದ ಹಾಗೆ ಸಾಲಾಗಿ ಬರುತ್ತದಲ್ಲ, ಅದು ಇದೇ. ಇದಕ್ಕೆ ವೈದ್ಯರು ಸೆಬೇಷಿಯಸ್ ಫಿಲಮೆಂಟ್ ಅನ್ನುತ್ತಾರೆ. ನಾನು ಎಣ್ಣೆ ಎಳೆ ಅನ್ನುತ್ತೇನೆ. ಇದು ರೋಗವಲ್ಲ. ಕಿವಿಯಲ್ಲಿ ಗುಗ್ಗೆ ಇರುವ ಹಾಗೆ, ಇದು ಇರಬೇಕಾದದ್ದೇ. ಒತ್ತಿ ತೆಗೆದರೂ ಸುಮಾರು ಒಂದು ತಿಂಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ.

ಬ್ಲ್ಯಾಕ್‌ಹೆಡ್ ಬೇರೆ. ಅಲ್ಲಿ ಒಳಗೋಡೆ ಪುಡಿಯನ್ನು ಜಾಸ್ತಿ ಉದುರಿಸುತ್ತದೆ, ಅದು ಒಂದಕ್ಕೊಂದು ಅಂಟಿ ಗಟ್ಟಿ ಬಿರಡೆಯಾಗುತ್ತದೆ. ತೂತಿನ ಬಾಯಿ ಹಿಗ್ಗುತ್ತದೆ, ಬಿರಡೆಯ ತಲೆ ಹೊರಗೆ ಕಾಣುತ್ತದೆ. ಬಾಯಿ ಮುಚ್ಚಿಕೊಂಡೇ ಇದ್ದರೆ ಅದು ಚರ್ಮದ ಬಣ್ಣದ ಸಣ್ಣ ಗುಳ್ಳೆ, ವೈಟ್‌ಹೆಡ್. ಎಣ್ಣೆ ಎಳೆ ಯಾವುದು, ಬ್ಲ್ಯಾಕ್‌ಹೆಡ್ ಯಾವುದು ಅಂತ ಗುರುತಿಸುವುದು ಕಷ್ಟವಲ್ಲ. ಎಣ್ಣೆ ಎಳೆಗಳು ಬೂದು ಬಣ್ಣ, ಚಪ್ಪಟೆ, ಜರಡಿಯ ತೂತಿನ ಹಾಗೆ ಸಮ ಅಂತರದಲ್ಲಿ ಮೂಗಿನ ತುಂಬಾ. ಬ್ಲ್ಯಾಕ್‌ಹೆಡ್ ಅಲ್ಲೊಂದು ಇಲ್ಲೊಂದು, ಕರಿ ಎಳ್ಳಿನ ಹಾಗೆ ಎದ್ದು ಕಾಣುತ್ತದೆ, ಬೆರಳಿಗೆ ಗಟ್ಟಿಯಾಗಿ ಸಿಗುತ್ತದೆ. ಬ್ಲ್ಯಾಕ್‌ಹೆಡ್ ಅಂತ ನನ್ನ ಹತ್ತಿರ ಬರುವವರಲ್ಲಿ ಬಹಳಷ್ಟು ಜನರ ಮೂಗಿನ ಮೇಲೆ ನನಗೆ ಕಾಣುವುದು ಬರೀ ಎಣ್ಣೆ ಎಳೆಗಳು.

ಹಾಗಾದರೆ ಕಪ್ಪು ಎಲ್ಲಿಂದ ಬಂತು? ಧೂಳಿನಿಂದ ಅಲ್ಲ. ಬಿರಡೆಯ ತುದಿಯಲ್ಲಿ ಮೆಲನಿನ್ ಇರುತ್ತದೆ, ನಮ್ಮ ಕೂದಲಿಗೆ, ಮೈಗೆ ಬಣ್ಣ ಕೊಡುವ ಅದೇ ಮೆಲನಿನ್. ಜೊತೆಗೆ ಎಣ್ಣೆಯಲ್ಲಿರುವ ಸ್ಕ್ವಾಲೀನ್‌ನಂಥ ಅಂಶಗಳು ಗಾಳಿ ತಾಗಿ ಬಣ್ಣ ಬದಲಿಸುತ್ತವೆ, ಹೆಚ್ಚಿಟ್ಟ ಬಾಳೆಕಾಯಿ ಕಪ್ಪಾಗುವ ಹಾಗೆ. ಆ ಕಪ್ಪು ನಿಮ್ಮ ಮೈಯದೇ ಬಣ್ಣ. ಅದನ್ನು ಸೋಪು ಹಾಕಿ ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಯಾಕೆಂದರೆ ಹೋಗುವುದಕ್ಕೆ ಅದು ಹೊರಗಿನಿಂದ ಬಂದದ್ದಲ್ಲ. ಐದು ಸಲ ಮುಖ ತೊಳೆಯುವ ಆ ಹುಡುಗಿಗೆ ನಾನು ಮೊದಲು ಹೇಳಿದ್ದು ಇದನ್ನೇ. ಅವಳ ಅಮ್ಮ ಪಕ್ಕದಲ್ಲೇ ಕೂತಿದ್ದರು. "ಸರಿಯಾಗಿ ತೊಳ್ಕೊಳ್ಳಲ್ಲ ಅಂತ ನಾನೇ ಬೈತಿದ್ದೆ ಡಾಕ್ಟ್ರೇ" ಅಂದರು. ಹುಡುಗಿ ಅಮ್ಮನ ಕಡೆ ನೋಡಿದ್ದು ನನಗೆ ಇನ್ನೂ ನೆನಪಿದೆ.

ಇದನ್ನು ಹೊರಗಿನದು ಅಂದುಕೊಳ್ಳುವುದು ಹೊಸದೇನಲ್ಲ. ನಾವು ಈಗ ಕೊಳೆ ಅನ್ನುತ್ತೇವೆ, ಹಿಂದಿನವರು ಹುಳ ಅಂದುಕೊಂಡಿದ್ದರು. ಈ ಬಿರಡೆಗೆ ವೈದ್ಯರು ಬಳಸುವ ಕಾಮೆಡೋ ಎಂಬ ಹೆಸರು ಲ್ಯಾಟಿನ್ನಿನಿಂದ ಬಂದದ್ದು, ತಿಂದು ಮುಗಿಸುವುದು ಅಂತ ಅದರ ಮೂಲ ಅರ್ಥ. ಒತ್ತಿದಾಗ ಬರುವ ಎಳೆ ಹುಳದ ಹಾಗೆ ಕಂಡು, ಅದು ಮೈಯನ್ನು ತಿನ್ನುತ್ತದೆ ಅಂದುಕೊಂಡರು. ಜರ್ಮನ್ ಭಾಷೆಯಲ್ಲಿ ಇವತ್ತಿಗೂ ಬ್ಲ್ಯಾಕ್‌ಹೆಡ್‌ಗೆ ಮಿಟೆಸ್ಸರ್ ಅಂತ ಹೆಸರು, ಅಂದರೆ ಜೊತೆಗೆ ಕೂತು ಉಣ್ಣುವವನು. 1842ರಲ್ಲಿ ಬರ್ಲಿನ್ನಿನ ಗುಸ್ಟಾವ್ ಸೈಮನ್ ಎಂಬ ವೈದ್ಯ ಮೊಡವೆಯೊಳಗಿನದನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ ನಿಜವಾಗಿಯೂ ಒಂದು ಸಣ್ಣ ಜೀವಿ ಕಂಡಿತು. ಅದಕ್ಕೆ ಆಮೇಲೆ ಡೆಮೊಡೆಕ್ಸ್ ಅಂತ ಹೆಸರಾಯಿತು. ಕಣ್ಣಿಗೆ ಕಾಣದಷ್ಟು ಸಣ್ಣದು, ದೊಡ್ಡವರಲ್ಲಿ ಹೆಚ್ಚಿನವರ ಮುಖದಲ್ಲಿ ಸುಮ್ನೆ ತನ್ನ ಪಾಡಿಗೆ ಇರುತ್ತದೆ. ಒತ್ತಿದಾಗ ಬರುವ ಎಳೆ ಆ ಜೀವಿಯಲ್ಲ, ಅದು ಎಣ್ಣೆ ಮತ್ತು ಚರ್ಮದ ಪುಡಿ ಅಷ್ಟೇ. ಹೆದರಬೇಡಿ.

ಈಗ ಮನೆಯಲ್ಲಿ ನಾವು ಮಾಡುವ ಕೆಲಸಗಳಿಗೆ ಬರೋಣ. ಉಗುರಿನಿಂದ ಒತ್ತುವುದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಆ ತೂತಿನ ಗೋಡೆ ತುಂಬಾ ತೆಳು. ಎರಡು ಉಗುರು ಸೇರಿಸಿ ಒತ್ತಿದಾಗ ಮೇಲಿನ ಭಾಗ ಹೊರಗೆ ಬರುತ್ತದೆ, ಅದು ನಿಮಗೆ ಕಾಣುತ್ತದೆ. ಕೆಳಗೆ ಗೋಡೆ ಒಡೆದು ಉಳಿದದ್ದು ಚರ್ಮದ ಒಳಗೆ ಚೆಲ್ಲುತ್ತದೆ, ಅದು ಕಾಣುವುದಿಲ್ಲ. ಒಳಗೆ ಚೆಲ್ಲಿದ್ದನ್ನು ಮೈ ಒಪ್ಪುವುದಿಲ್ಲ. ಕೆಂಪಾಗುತ್ತದೆ, ಊದುತ್ತದೆ, ಕೀವಾಗುತ್ತದೆ. ಚುಕ್ಕೆ ಇದ್ದ ಜಾಗದಲ್ಲಿ ಮೊಡವೆಯಾಗುತ್ತದೆ. ಮೊಡವೆ ಆರಿದರೂ ನಮ್ಮಂಥ ಕಂದು ಚರ್ಮದಲ್ಲಿ ಕಪ್ಪು ಕಲೆ ಉಳಿಯುತ್ತದೆ, ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ. ಬಿಳಿ ಚರ್ಮದವರು ಮಾಡಿದ ವಿಡಿಯೋ ನೋಡಿ ನಾವೂ ಹಾಗೇ ಒತ್ತಿಕೊಂಡರೆ, ಅವರಿಗೆ ನಾಲ್ಕು ದಿನ ಕೆಂಪಗಿದ್ದು ಹೋಗುವುದು ನಮಗೆ ಕಲೆಯಾಗಿ ಕೂರುತ್ತದೆ. ಇನ್ನೊಂದು ವಿಷಯ. ಮೂಗು ಮತ್ತು ಮೇಲ್ದುಟಿಯ ಸುತ್ತಲಿನ ರಕ್ತನಾಳಗಳಿಗೆ ಕಣ್ಣಿನ ಹಿಂದೆ, ಮೆದುಳಿನ ಬುಡದಲ್ಲಿರುವ ನಾಳಗಳ ಜೊತೆ ಸಂಪರ್ಕ ಇದೆ. ಅಲ್ಲಿನ ಕೀವು ಮೇಲೆ ಹೋಗುವುದು ಬಹಳ ಅಪರೂಪ. ಆದರೆ ಮೂಗಿನ ಮೇಲಿನ ಕುರು ದೊಡ್ಡದಾಗಿ, ಜ್ವರ ಬಂದು, ಕಣ್ಣು ಊದಿದರೆ ಬೆಳಗಾಗಲಿ ಅಂತ ಕಾಯಬೇಡಿ, ಅದೇ ರಾತ್ರಿ ಆಸ್ಪತ್ರೆಗೆ ಹೋಗಿ.

ಹಬೆ ತೆಗೆದುಕೊಂಡರೆ ತೂತು ತೆರೆಯುತ್ತದೆ, ಐಸ್ ಇಟ್ಟರೆ ಮುಚ್ಚುತ್ತದೆ ಅನ್ನುತ್ತಾರೆ. ತೂತಿನ ಬಾಯಿಗೆ ತೆರೆದು ಮುಚ್ಚುವ ಸ್ನಾಯು ಇಲ್ಲ. ಹಬೆಗೆ ಬಿರಡೆ ಸ್ವಲ್ಪ ಮೆತ್ತಗಾಗುತ್ತದೆ, ಅಷ್ಟು ನಿಜ. ತೂತು ಎಷ್ಟು ದೊಡ್ಡದು ಅನ್ನುವುದು ನಿಮ್ಮ ಅಪ್ಪ ಅಮ್ಮನಿಂದ ಬಂದದ್ದು, ಎಣ್ಣೆ ಎಷ್ಟು ಬರುತ್ತದೆ ಎಂಬುದರಿಂದ ಬಂದದ್ದು, ವಯಸ್ಸಾಗಿ ಬಿಸಿಲಿಗೆ ಚರ್ಮ ಸಡಿಲವಾಗಿ ಬಂದದ್ದು. ಅದನ್ನು ಪೂರ್ತಿ ಮುಚ್ಚುವ ಕ್ರೀಮ್ ಇಲ್ಲ.

ಮೂಗಿಗೆ ಅಂಟಿಸಿ ಕಿತ್ತು ತೆಗೆಯುವ ಪಟ್ಟಿಗಳಿವೆ. ಜಪಾನಿನ ಕಾವೊ ಕಂಪನಿ ಬಿಯೊರೆ ಎಂಬ ಹೆಸರಿನಲ್ಲಿ 1996ರಲ್ಲಿ ತಂದದ್ದು ದೊಡ್ಡ ಹೆಸರು ಮಾಡಿತು. ಕಿತ್ತ ಮೇಲೆ ಪಟ್ಟಿಯನ್ನು ಬೆಳಕಿಗೆ ಹಿಡಿದರೆ ಮುಳ್ಳುಹಂದಿಯ ಬೆನ್ನಿನ ಹಾಗೆ ಎಳೆಗಳು ನಿಂತಿರುತ್ತವೆ. ನೋಡುವುದಕ್ಕೆ ಸಮಾಧಾನ. ಆದರೆ ಬಂದದ್ದು ಹೆಚ್ಚಾಗಿ ಎಣ್ಣೆ ಎಳೆಗಳ ತುದಿ, ಕೆಲವೇ ವಾರಗಳಲ್ಲಿ ಮತ್ತೆ ತುಂಬುತ್ತದೆ. ಅಪರೂಪಕ್ಕೊಮ್ಮೆ ಹಾಕಿಕೊಂಡರೆ ನಾನು ಬೈಯುವುದಿಲ್ಲ. ಇದ್ದಿಲಿನ ಪುಡಿಗೆ ಅಂಟು ಬೆರೆಸಿ ಮನೆಯಲ್ಲೇ ಮಾಡಿಕೊಳ್ಳುವ ಮಾಸ್ಕ್ ಮಾತ್ರ ಬೇಡವೇ ಬೇಡ. ಅಂಟಿನ ಜೊತೆ ಚರ್ಮದ ಮೇಲ್ಪದರ ಕಿತ್ತುಬಂದವರನ್ನು ನಾನು ನೋಡಿದ್ದೇನೆ.

ನಿಂಬೆಹಣ್ಣು, ಸಕ್ಕರೆ, ಅಡುಗೆ ಸೋಡಾ, ಟೂತ್‌ಪೇಸ್ಟ್. ಅಡುಗೆಮನೆಯಲ್ಲಿ ಇರುವುದೆಲ್ಲ ಮುಖಕ್ಕೆ ಒಳ್ಳೆಯದಲ್ಲ. ನಿಂಬೆರಸ ತೀರಾ ಹುಳಿ, ಚರ್ಮಕ್ಕೆ ಬೇಕಾದ ಹುಳಿಗಿಂತ ಎಷ್ಟೋ ಪಟ್ಟು ಜಾಸ್ತಿ. ಸೋಡಾ ಅದಕ್ಕೆ ಪೂರ್ತಿ ಉಲ್ಟಾ, ಕ್ಷಾರ. ನಿಂಬೆಯಲ್ಲಿ ಇನ್ನೊಂದು ತೊಂದರೆ ಇದೆ. ಅದರ ಸಿಪ್ಪೆಯಲ್ಲಿ, ರಸದಲ್ಲಿ ಇರುವ ಕೆಲವು ಅಂಶಗಳು ಬಿಸಿಲು ತಾಗಿದರೆ ಚರ್ಮವನ್ನು ಸುಡುತ್ತವೆ. ಮೊದಲು ಕೆಂಪು, ಆಮೇಲೆ ಕಂದು ಪಟ್ಟೆ. ಮದುವೆ ಮನೆಯಲ್ಲಿ ಪಾನಕಕ್ಕೆ ನಿಂಬೆ ಹಿಂಡಿ, ಹಾಗೇ ಬಿಸಿಲಿಗೆ ಹೋದವರ ಕೈ ಮೇಲೆ ಇಂಥ ಪಟ್ಟೆ ನೋಡಿದ್ದೇನೆ. ಅದನ್ನು ಮುಖಕ್ಕೆ ಹಚ್ಚಿಕೊಂಡು ಕಾಲೇಜಿಗೆ ಹೊರಟರೆ ಏನಾಗಬಹುದು ಯೋಚಿಸಿ. ಕಡಲೆಹಿಟ್ಟು ಪರವಾಗಿಲ್ಲ, ಮೆತ್ತಗೆ ಹಚ್ಚಿ ತೊಳೆದರೆ ಜಿಡ್ಡು ಹೋಗುತ್ತದೆ, ಮುಖ ಹಗುರ ಅನ್ನಿಸುತ್ತದೆ. ಅದು ಬಿರಡೆಯನ್ನು ತೆಗೆಯುವುದಿಲ್ಲ, ಕೆಡುಕನ್ನೂ ಮಾಡುವುದಿಲ್ಲ.

ಪಾರ್ಲರ್‌ನಲ್ಲಿ ಕೆಲಸ ಮಾಡುವ ಅಕ್ಕಂದಿರು ಇಲ್ಲಿ ಯಾರಾದರೂ ಇದ್ದರೆ ನಿಮ್ಮ ಕೆಲಸದ ಬಗ್ಗೆ ನನಗೆ ಗೌರವ ಇದೆ ಅಂತ ಮೊದಲೇ ಹೇಳುತ್ತೇನೆ. ಕೇಳಿಕೊಳ್ಳುವುದು ಒಂದೇ. ಬ್ಲ್ಯಾಕ್‌ಹೆಡ್ ತೆಗೆಯುವ ಕಡ್ಡಿ, ಸೂಜಿ ಒಬ್ಬರಿಂದ ಒಬ್ಬರಿಗೆ ಬರೀ ಒರೆಸಿ ಬಳಸಬೇಡಿ. ಯಕೃತ್ತಿಗೆ ಸೋಂಕು ತರುವ ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಏಳು ದಿನದವರೆಗೂ ಬದುಕಿರಬಲ್ಲದು, ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಸೂಜಿ ಹೊಸದಿರಲಿ, ಕಡ್ಡಿ ಆಟೋಕ್ಲೇವ್ ಆಗಿರಲಿ, ಅಂದರೆ ಒತ್ತಡದ ಬಿಸಿ ಹಬೆಯಲ್ಲಿ ಶುದ್ಧ ಮಾಡಿದ್ದಿರಲಿ. ಗಿರಾಕಿಗಳೂ ಇದನ್ನು ಬಾಯಿಬಿಟ್ಟು ಕೇಳಬೇಕು. ಕೇಳಿದರೆ ಬೇಜಾರಾಗುತ್ತಾರೆ ಅಂತ ಸುಮ್ಮನೆ ಕೂರಬೇಡಿ.

ಎಲ್ಲಕ್ಕಿಂತ ಹೆಚ್ಚಾಗಿ ನನಗೆ ನೋವು ಕೊಡುವುದು ಬೇರೆ. ಮೂಗಿನ ಚುಕ್ಕೆಗೆ ಅಂತ ಮೆಡಿಕಲ್ ಶಾಪ್‌ಗೆ ಹೋಗಿ, "ಒಳ್ಳೇ ಕ್ರೀಮ್ ಕೊಡಿ" ಅನ್ನುತ್ತಾರೆ. ಅಥವಾ ಪಕ್ಕದ ಮನೆಯವರು ತಾವು ಹಚ್ಚುವ ಟ್ಯೂಬ್ ಕೊಡುತ್ತಾರೆ. ಅದರಲ್ಲಿ ಬೆಟಾಮೆಥಾಸೋನ್, ಕ್ಲೊಬೆಟಾಸಾಲ್ ಅಥವಾ ಮೊಮೆಟಾಸೋನ್ ಇರುತ್ತದೆ. ಇವು ಸ್ಟೀರಾಯ್ಡ್, ಊತ, ಕೆಂಪು ಇಳಿಸುವ ಬಲವಾದ ಔಷಧಿಗಳು. ಹಚ್ಚಿದ ಮೊದಲ ವಾರ ಮುಖ ಹೊಳೆಯುತ್ತದೆ, ಕೆಂಪು ಇಳಿಯುತ್ತದೆ, ಬೆಳ್ಳಗೂ ಆದ ಹಾಗೆ ಕಾಣುತ್ತದೆ. ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ಎರಡು ಮೂರು ತಿಂಗಳಾದ ಮೇಲೆ ಚರ್ಮ ತೆಳ್ಳಗಾಗಿ, ಕೆನ್ನೆಯಲ್ಲಿ ಕೆಂಪು ನರಗಳು ಕಾಣಿಸುತ್ತವೆ. ಒಂದೇ ಅಳತೆಯ ಮೊಡವೆಗಳು ಮುಖದ ತುಂಬಾ ಏಳುತ್ತವೆ. ಹೆಣ್ಣುಮಕ್ಕಳಿಗೆ ಗಲ್ಲದಲ್ಲಿ ಕೂದಲು ಬರುತ್ತದೆ. ನಿಲ್ಲಿಸಿದರೆ ಉರಿ, ಕೆಂಪು, ಹಾಗಾಗಿ ಮತ್ತೆ ಹಚ್ಚುತ್ತಾರೆ. ನಮ್ಮ ದೇಶದಲ್ಲಿ ಇದು ಎಷ್ಟು ಜಾಸ್ತಿಯೆಂದರೆ, ಹೀಗೆ ಹಾಳಾದ ಮುಖಕ್ಕೆ ಭಾರತದ ಚರ್ಮ ವೈದ್ಯರೇ ಒಂದು ಹೆಸರು ಇಡಬೇಕಾಯಿತು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಕ್ರೀಮ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ಬಿಗಿ ಮಾಡಿತು. ನಿಮ್ಮ ಮನೆಯಲ್ಲಿರುವ ಟ್ಯೂಬನ್ನು ಇವತ್ತೇ ತಿರುಗಿಸಿ ಓದಿ. ಹೆಸರಿನ ಕೊನೆಗೆ 'ಸೋನ್' ಅಥವಾ 'ಸಾಲ್' ಅಂತ ಇದ್ದರೆ ಹಚ್ಚುವ ಮೊದಲು ವೈದ್ಯರಿಗೆ ತೋರಿಸಿ. ಆಗಲೇ ತಿಂಗಳುಗಟ್ಟಲೆ ಹಚ್ಚಿದ್ದರೆ ಒಮ್ಮೆಲೇ ಬಿಟ್ಟು ಒದ್ದಾಡಬೇಡಿ, ಬಿಡಿಸುವುದಕ್ಕೂ ಒಂದು ಕ್ರಮ ಇದೆ.

ಹಾಗಾದರೆ ಏನು ಮಾಡಬೇಕು? ಬೆಳಗ್ಗೆ ಒಂದು ಸಲ, ರಾತ್ರಿ ಒಂದು ಸಲ, ಕ್ಷಾರ ಕಡಿಮೆ ಇರುವ ಫೇಸ್‌ವಾಶ್‌ನಿಂದ ಮುಖ ತೊಳೆಯಿರಿ. ಮಾಮೂಲಿ ಸೋಪು ಚರ್ಮವನ್ನು ಒಣಗಿಸುತ್ತದೆ, ಒಳಗಿನ ಗ್ರಂಥಿಯನ್ನು ಮುಟ್ಟುವುದಿಲ್ಲ. ಇಷ್ಟರಿಂದಲೇ ಬ್ಲ್ಯಾಕ್‌ಹೆಡ್ ಹೋಗುವುದಿಲ್ಲ, ಆದರೆ ಮುಂದಿನದಕ್ಕೆ ಇದು ಅಡಿಪಾಯ.

ಬಿರಡೆಯ ಮೇಲೆ ಕೆಲಸ ಮಾಡುವ ಎರಡು ವಸ್ತುಗಳಿವೆ. ಒಂದು ಸ್ಯಾಲಿಸಿಲಿಕ್ ಆಸಿಡ್. ಇದು ಎಣ್ಣೆಯಲ್ಲಿ ಕರಗುವಂಥದ್ದು, ಹಾಗಾಗಿ ಎಣ್ಣೆ ತುಂಬಿದ ತೂತಿನ ಒಳಗೆ ಇಳಿಯುತ್ತದೆ. ಅಂಟಿಕೊಂಡ ಪುಡಿಯನ್ನು ಬಿಡಿಸುತ್ತದೆ. ಮುಖಕ್ಕೆ ಶೇಕಡಾ 0.5ರಿಂದ 2ರವರೆಗೆ ಸಾಕು. ಹಚ್ಚಿ ತೊಳೆಯುವ ಫೇಸ್‌ವಾಶ್‌ಗಿಂತ ಹಚ್ಚಿ ಬಿಡುವ ದ್ರವ ಹೆಚ್ಚು ಹೊತ್ತು ಚರ್ಮದ ಮೇಲಿರುತ್ತದೆ, ಹೆಚ್ಚು ಕೆಲಸ ಮಾಡುತ್ತದೆ. ಕಾಲಿನ ಆಣಿಗೆ ಹಚ್ಚುವ ಪಟ್ಟಿಯಲ್ಲೂ ಇದೇ ಆಸಿಡ್ ಇದೆ, ಆದರೆ ಅಲ್ಲಿ ಶೇಕಡಾ 40. ಹೆಸರು ಒಂದೇ ಅಂತ ಅದನ್ನು ಮೂಗಿಗೆ ಅಂಟಿಸಿಕೊಂಡು ಬಂದವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಎರಡನೆಯದು ವಿಟಮಿನ್ ಎ ಮನೆತನದ ರೆಟಿನಾಯ್ಡ್‌ಗಳು. ಬಿರಡೆ ಆಗುವ ಮೂಲ ಕಾರಣಕ್ಕೇ ಇವು ಕೈಹಾಕುತ್ತವೆ, ಒಳಗೋಡೆಯ ಪುಡಿ ಅಂಟಿಕೊಳ್ಳದಂತೆ ಮಾಡುತ್ತವೆ. ಮೊದಲು ಬಂದದ್ದು ಟ್ರೆಟಿನಾಯಿನ್. ಅಮೆರಿಕದ ಫಿಲಡೆಲ್ಫಿಯಾದ ಆಲ್ಬರ್ಟ್ ಕ್ಲಿಗ್‌ಮನ್ ಎಂಬ ಚರ್ಮ ವೈದ್ಯ ಮತ್ತು ಜೊತೆಗಾರರು 1969ರಲ್ಲಿ ಮೊಡವೆಗೆ ಇದು ಕೆಲಸ ಮಾಡುತ್ತದೆ ಅಂತ ಬರೆದರು, 1971ರಲ್ಲಿ ಅಲ್ಲಿ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು. ಈ ಕಥೆಯ ಇನ್ನೊಂದು ಭಾಗವನ್ನೂ ನಾನು ಹೇಳದೆ ಇರಲಾರೆ. ಕ್ಲಿಗ್‌ಮನ್ 1951ರಿಂದ 1974ರವರೆಗೆ ಆ ಊರಿನ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಚರ್ಮದ ಮೇಲೆ ನೂರಾರು ಪ್ರಯೋಗಗಳನ್ನು ನಡೆಸಿದರು. ಕೈದಿಗಳಲ್ಲಿ ಬಹುಪಾಲು ಕಪ್ಪು ಜನ. ಏನು ಹಚ್ಚುತ್ತಿದ್ದಾರೆ ಅಂತ ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ, ಅವರಿಗೆ ಸಿಕ್ಕದ್ದು ಕೆಲವು ಡಾಲರ್. ಇವತ್ತು ನಾವು ಬಟಾಣಿಯಷ್ಟು ಕ್ರೀಮ್ ತೆಗೆದು ಆರಾಮವಾಗಿ ಹಚ್ಚಿಕೊಳ್ಳುವ ಔಷಧಿಯ ಹಿಂದೆ ಅವರ ಬೆನ್ನಿನ, ತೋಳಿನ ಕಲೆಗಳಿವೆ. ವೈದ್ಯಕೀಯ ಓದುವಾಗ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ತಿಳಿದ ಮೇಲೆ ಮರೆಯುವುದಕ್ಕೂ ಆಗಿಲ್ಲ.

ಈಗ ನಾನು ಹೆಚ್ಚಾಗಿ ಬರೆಯುವುದು ಅಡಾಪಲೀನ್, ಶೇಕಡಾ 0.1ರ ಜೆಲ್. ಟ್ರೆಟಿನಾಯಿನ್‌ಗಿಂತ ಉರಿ ಕಡಿಮೆ. ಇದನ್ನು ವೈದ್ಯರನ್ನು ಕಂಡು, ಚೀಟಿಯ ಮೇಲೆ ತೆಗೆದುಕೊಳ್ಳಿ. ಹಚ್ಚುವ ಕ್ರಮ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನವರು ಸೋಲುವುದು ಇಲ್ಲೇ. ರಾತ್ರಿ ಮುಖ ತೊಳೆದು, ಪೂರ್ತಿ ಒಣಗಲು ಬಿಡಿ. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು, ಬರೀ ಮೂಗಿಗಾದರೆ ಅದರ ಕಾಲುಭಾಗವೂ ಬೇಡ. ಹೊಳ್ಳೆಯ ಪಕ್ಕದ ಮಡಿಕೆ, ಕಣ್ಣಿನ ಅಂಚು, ತುಟಿಯ ಮೂಲೆ ಬಿಟ್ಟು ಹಚ್ಚಿ. ಆ ಮಡಿಕೆಯಲ್ಲಿ ಜೆಲ್ ನಿಂತುಬಿಟ್ಟರೆ ಉರಿಯುತ್ತದೆ. ಮೊದಲ ಎರಡು ವಾರ ವಾರಕ್ಕೆ ಎರಡೇ ರಾತ್ರಿ. ಆಮೇಲೆ ದಿನ ಬಿಟ್ಟು ದಿನ. ಮೇಲೆ ಹಗುರವಾದ ಮಾಯಿಶ್ಚರೈಸರ್ ಹಚ್ಚಿ. ಹಗಲು ಸನ್‌ಸ್ಕ್ರೀನ್ ಬೇಕೇ ಬೇಕು. ಮೊದಲ ತಿಂಗಳು ಸ್ವಲ್ಪ ಹೊಟ್ಟು ಏಳುತ್ತದೆ. ಕೆಲವರಿಗೆ ಚುಕ್ಕೆ ಜಾಸ್ತಿಯಾದ ಹಾಗೂ ಕಾಣುತ್ತದೆ. ಅಲ್ಲಿಗೆ ಹೆದರಿ ಬಿಟ್ಟುಬಿಡುತ್ತಾರೆ. ಕಣ್ಣಿಗೆ ಕಾಣುವ ಬಿರಡೆ ಒಳಗೆ ವಾರಗಟ್ಟಲೆ ಮೊದಲೇ ಶುರುವಾಗಿರುತ್ತದೆ, ಹಾಗಾಗಿ ಫಲ ಕಾಣುವುದಕ್ಕೆ ಎಂಟರಿಂದ ಹನ್ನೆರಡು ವಾರ ಬೇಕು. ಗರ್ಭಿಣಿಯರು, ಗರ್ಭ ಧರಿಸುವ ಯೋಚನೆಯಲ್ಲಿರುವವರು ಈ ಮನೆತನದ ಯಾವುದನ್ನೂ ಬಳಸಬೇಡಿ, ವೈದ್ಯರಿಗೆ ಮೊದಲೇ ಹೇಳಿ.

ಇದರಿಂದ ಬ್ಲ್ಯಾಕ್‌ಹೆಡ್ ಕಡಿಮೆಯಾಗುತ್ತದೆ. ಎಣ್ಣೆ ಎಳೆಗಳು ಸಣ್ಣಗೆ ಕಾಣುತ್ತವೆ, ಮಾಯವಾಗುವುದಿಲ್ಲ. ಬಿಟ್ಟರೆ ಮೊದಲಿನಂತೆ ಆಗುತ್ತವೆ. ಎಣ್ಣೆ ಎಳೆ ಮಾತ್ರ ಇದ್ದು, ಅದರಿಂದ ನಿಮಗೆ ಬೇಜಾರಿಲ್ಲದಿದ್ದರೆ ಏನನ್ನೂ ಹಚ್ಚಬೇಕಾಗಿಲ್ಲ. ಹೀಗೆ ಹೇಳಿದಾಗ ಕೆಲವು ತಾಯಂದಿರು ನನ್ನ ಮುಖ ನೋಡುತ್ತಾರೆ, ಫೀಸು ಕೊಟ್ಟಿದ್ದೀವಿ, ಏನೂ ಬರೆದುಕೊಡಲಿಲ್ಲವಲ್ಲ ಅಂತ. ನಾನು ಬರೆದುಕೊಡದೇ ಇರುವುದೂ ಚಿಕಿತ್ಸೆಯೇ ಅಂತ ಅವರಿಗೆ ತಾಳ್ಮೆಯಿಂದ ಹೇಳುತ್ತೇನೆ.

ಕೊಬ್ಬರಿ ಎಣ್ಣೆಯ ಬಗ್ಗೆ ಕೇಳದೆ ನೀವು ನನ್ನನ್ನು ಬಿಡುವುದಿಲ್ಲ. ತಲೆಗೆ ಹಚ್ಚಿ, ಏನೂ ತೊಂದರೆಯಿಲ್ಲ. ಆದರೆ ಮೊಡವೆ ಬರುವ ಚರ್ಮದವರು ಮುಖಕ್ಕೆ ಹಚ್ಚಬೇಡಿ. ರಾತ್ರಿ ತಲೆಗೆ ಹಚ್ಚಿ ಮಲಗಿದರೆ ದಿಂಬಿನ ಮೂಲಕ ಹಣೆ, ಕೆನ್ನೆಗೆ ಬರುತ್ತದೆ. ಹಣೆಯ ಮೇಲೆ ಕೂದಲಂಚಿಗೆ ಸಾಲಾಗಿ ಸಣ್ಣ ಗುಳ್ಳೆ ಇರುವ ಹುಡುಗಿಯರಿಗೆ ನಾನು ಮೊದಲು ಕೇಳುವುದೇ ಎಣ್ಣೆಯ ವಿಷಯ. ಸ್ನಾನಕ್ಕೆ ಒಂದು ಗಂಟೆ ಮೊದಲು ಹಚ್ಚಿ ತೊಳೆದುಬಿಡಿ. ದೀಪಾವಳಿಯ ಎಣ್ಣೆ ಸ್ನಾನವನ್ನು ನಾನೂ ಬಿಟ್ಟಿಲ್ಲ. ಇನ್ನು ಡಬ್ಬಿಯ ಮೇಲೆ 'ನಾನ್ ಕಾಮೆಡೋಜೆನಿಕ್', ಅಂದರೆ ತೂತು ಮುಚ್ಚುವುದಿಲ್ಲ, ಅಂತ ಬರೆದಿರುವುದನ್ನು ಪೂರ್ತಿ ನಂಬಬೇಡಿ. ಯಾವ ವಸ್ತು ತೂತು ಮುಚ್ಚುತ್ತದೆ ಎಂಬ ಹಳೆಯ ಪಟ್ಟಿಗಳು ಮೊಲದ ಕಿವಿಯ ಒಳಗೆ ಹಚ್ಚಿ ನೋಡಿ ಮಾಡಿದವು. ಮೊಲದ ಕಿವಿ ನಮ್ಮ ಮೂಗಿಗಿಂತ ಬೇಗ ಬಿರಡೆ ಕಟ್ಟುತ್ತದೆ. ಆ ಪದ ಒಂದು ಸುಳಿವು, ಖಾತ್ರಿಯಲ್ಲ.

ಕರಿದ ತಿಂಡಿ, ಬೋಂಡಾ ಬಗ್ಗೆ ಒಂದೇ ಮಾತು. ತಿಂದ ಎಣ್ಣೆ ಮೂಗಿನಿಂದ ಬರುವುದಿಲ್ಲ. ಸಿಹಿ ತಿಂಡಿ, ಮೈದಾ ಜಾಸ್ತಿಯಾದರೆ ಮೊಡವೆ ಹೆಚ್ಚಬಹುದು. ಅಷ್ಟು ಸಾಕು.

ಚುಕ್ಕೆಯಂತೆ ಕಂಡರೂ ಚುಕ್ಕೆಯಲ್ಲದವು ಕೆಲವಿವೆ. ಮೂಗಿನ ಮೇಲೆ ಎಷ್ಟು ಹಚ್ಚಿದರೂ ಹೋಗದ ಕಪ್ಪು ಚುಕ್ಕೆಗಳನ್ನು ಒಬ್ಬ ಹೆಂಗಸು ತೋರಿಸಲು ಬಂದಿದ್ದರು. ಒಂದನ್ನು ಚಿಮುಟದಲ್ಲಿ ಎಳೆದು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ಅವರಿಗೂ ತೋರಿಸಿದೆ. ಒಂದೇ ತೂತಿನಲ್ಲಿ ಹತ್ತಿಪ್ಪತ್ತು ನವಿರು ಕೂದಲು ಕಟ್ಟಾಗಿ ಕೂತಿದ್ದವು, ಬಣ್ಣ ಬಳಿಯುವ ಸಣ್ಣ ಬ್ರಷ್ಷಿನ ಹಾಗೆ. ಉದುರಬೇಕಾದ ಕೂದಲು ಉದುರದೆ ಒಳಗೇ ಉಳಿದಿದ್ದವು. ಟ್ರೈಕೋಸ್ಟೇಸಿಸ್ ಸ್ಪೈನುಲೋಸ ಅಂತ ಇದಕ್ಕೆ ಹೆಸರು, ತುಂಬಾ ಸಾಮಾನ್ಯ, ಅಪಾಯವಿಲ್ಲ. ಬೇಕಿದ್ದರೆ ಕೂದಲು ತೆಗೆಯುವ ಲೇಸರ್‌ಗೆ ಇದು ಹೋಗುತ್ತದೆ. ಮೂಗುಬೊಟ್ಟಿನ ಪಕ್ಕ ಕೆಂಪಗೆ ಉಬ್ಬಿದ ಗುಳ್ಳೆಯೂ ಬ್ಲ್ಯಾಕ್‌ಹೆಡ್ ಅಲ್ಲ, ಅದು ಚುಚ್ಚಿದ ಗಾಯ ತಪ್ಪಾಗಿ ಮಾಯುತ್ತಿರುವುದು. ಅದನ್ನು ಒತ್ತಬೇಡಿ. ಹೊಲದಲ್ಲಿ ಜೀವಮಾನವಿಡೀ ದುಡಿದ, ಬೀಡಿ ಸೇದುವ ಅಜ್ಜಂದಿರ ಕಣ್ಣಿನ ಪಕ್ಕ ದೊಡ್ಡ ದೊಡ್ಡ ಕಪ್ಪು ಚುಕ್ಕೆಗಳನ್ನು ನೀವು ನೋಡಿರಬಹುದು, ಅದು ಬಿಸಿಲು ಮತ್ತು ಹೊಗೆಯ ಕೆಲಸ. ಒಂದರಿಂದ ಏಳು ವರ್ಷದೊಳಗಿನ ಮಗುವಿಗೆ ಮುಖದ ತುಂಬಾ ಇಂಥ ಚುಕ್ಕೆ, ಮೊಡವೆ ಬಂದರೆ ಮಾತ್ರ ತಡ ಮಾಡಬೇಡಿ, ಹಾರ್ಮೋನಿನ ತೊಂದರೆ ಇದೆಯೇ ಅಂತ ನೋಡಬೇಕಾಗುತ್ತದೆ. ಹಾಗೆಯೇ ವಯಸ್ಸಾದವರ ಮೂಗಿನ ಮೇಲೆ ಒಂದೇ ಒಂದು ಕಪ್ಪು ಗುಳ್ಳೆ ಹೊಳೆಯುತ್ತಾ ನಿಧಾನವಾಗಿ ಬೆಳೆಯುತ್ತಿದ್ದರೆ, ಮುಟ್ಟಿದರೆ ರಕ್ತ ಬರುತ್ತಿದ್ದರೆ, ಅದನ್ನು ಚರ್ಮ ವೈದ್ಯರಿಗೆ ತೋರಿಸಲೇಬೇಕು. ಚರ್ಮದ ಕ್ಯಾನ್ಸರ್‌ನ ಒಂದು ಬಗೆ ಹೀಗೆ ಕಾಣಬಲ್ಲದು.

ಇದನ್ನು ಹೇಳಿ ಮಾತು ಮುಗಿಸಿದ ಮೇಲೆ, ಮೊಮ್ಮಗಳ ಜೊತೆ ಬಂದಿದ್ದ ಒಬ್ಬ ಅಜ್ಜಿ ವೇದಿಕೆಯ ಹತ್ತಿರ ಬಂದರು. "ನಂದೂ ಒಂದು ನೋಡವ್ವ" ಅಂದರು. ಮೂಗಿನ ಬಲಭಾಗದಲ್ಲಿ ಒಂದು ಕಪ್ಪು ಚುಕ್ಕೆ, ಸಾಸಿವೆಗಿಂತ ದೊಡ್ಡದು. ಕಿಟಕಿಯ ಬೆಳಕಿಗೆ ಕರೆದುಕೊಂಡು ಹೋಗಿ ಬ್ಯಾಗಿನಲ್ಲಿದ್ದ, ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮಾಸ್ಕೋಪ್ ಇಟ್ಟು ನೋಡಿದೆ. ಕ್ಯಾನ್ಸರ್ ಅಲ್ಲ. ಒಂದೇ ಒಂದು ತೂತು ಹಿಗ್ಗಿ, ವರ್ಷಗಳಿಂದ ತುಂಬಿಕೊಂಡಿದ್ದ ಬಿರಡೆ. ಮಾರನೇ ದಿನ ಕ್ಲಿನಿಕ್‌ಗೆ ಬಂದರು, ಎರಡು ನಿಮಿಷದ ಕೆಲಸ. ಬಂದದ್ದು ಅಕ್ಕಿಕಾಳಿನಷ್ಟು ಉದ್ದ ಇತ್ತು. ತಮ್ಮ ಕನ್ನಡಕ ಹಾಕಿಕೊಂಡು, ಹತ್ತಿಯ ಮೇಲೆ ಇಟ್ಟಿದ್ದ ಅದನ್ನು ಬಗ್ಗಿ ನೋಡಿದರು. ಮತ್ತೆ ತುಂಬಿಕೊಳ್ಳಬಹುದು, ಪೂರ್ತಿ ಹೋಗಬೇಕಾದರೆ ಮರಗಟ್ಟಿಸಿ ಸ್ವಲ್ಪ ಚರ್ಮ ಕುಯ್ದು ಒಂದು ಹೊಲಿಗೆ ಹಾಕಬೇಕು ಅಂತ ಹೇಳಿದೆ. ಅವರು ಮೂಗು ಸವರಿಕೊಂಡರು. "ತುಂಬಿಕೊಂಡ್ರೆ ತುಂಬಿಕೊಳ್ಳಲಿ ಬಿಡವ್ವ. ಕೆಟ್ಟದ್ದಲ್ಲ ಅಂತ ಗೊತ್ತಾಯ್ತಲ್ಲ" ಅಂದು, ಮೊಮ್ಮಗಳ ಕೈ ಹಿಡಿದುಕೊಂಡು ಹನ್ನೊಂದು ಗಂಟೆಯ ಬಸ್ಸಿಗೆ ಹೊರಟರು.